ಮನೆಯೊಳಗೆ ಸೀಸ ಬರುವ ದಾರಿಗಳು: ಹುಡುಕುವುದು ಹೇಗೆ, ಮುಚ್ಚುವುದು ಹೇಗೆ

ಮನೆಗೆ ವಿಷ ಬರುತ್ತದೆ ಅಂದರೆ ನಮಗೆ ಮೊದಲು ನೆನಪಾಗುವುದು ನೀರು. ಆರ್‌ಒ ಹಾಕಿಸುತ್ತೇವೆ, ಕ್ಯಾನ್ ತರಿಸುತ್ತೇವೆ. ಸೀಸದ (ಲೆಡ್) ವಿಷಯದಲ್ಲಿ ಅಷ್ಟೇ ಮಾಡಿ ಕೂತರೆ ಸಾಲದು. ಅದು ಬರುವ ದೊಡ್ಡ ದಾರಿಗಳು ಬೇರೆ ಕಡೆ ಇವೆ: ಅರಿಶಿನದ ಡಬ್ಬಿ, ಹುಳಿ ಕುದಿಸುವ ಪಾತ್ರೆ, ಕಿಟಕಿ ಗ್ರಿಲ್‌ನ ಹಳೆಯ ಪೇಂಟ್, ಕೆಲಸದಿಂದ ಬಂದವರ ಬಟ್ಟೆಯ ಧೂಳು. ಇವನ್ನು ಯಾವ ಕ್ರಮದಲ್ಲಿ ನೋಡಬೇಕು, ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸೀಸ ಏನು ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಅದು ಲೋಹ. ಕೊಳೆಯುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ. ದೇಹಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ. ಆದರೂ ದೇಹ ಅದನ್ನು ಕ್ಯಾಲ್ಸಿಯಂ ಥರವೇ ತೆಗೆದುಕೊಂಡು ಮೂಳೆಗೆ, ಹಲ್ಲಿಗೆ ಸೇರಿಸಿಬಿಡುತ್ತದೆ. ಅಲ್ಲಿ ಅದು ಹತ್ತಾರು ವರ್ಷ ಕೂರುತ್ತದೆ. ಹೆಣ್ಣುಮಕ್ಕಳು ಬಸುರಿಯಾದಾಗ ಮೂಳೆಯ ಕ್ಯಾಲ್ಸಿಯಂ ಜೊತೆ ಸೀಸವೂ ರಕ್ತಕ್ಕೆ ಇಳಿದು ಹೊಟ್ಟೆಯಲ್ಲಿರುವ ಮಗುವನ್ನು ತಲುಪುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ. ದೊಡ್ಡವರಲ್ಲಿ ಬಿಪಿ ಏರುತ್ತದೆ, ಕಿಡ್ನಿ ಕೆಡುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿತು. ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ ಸೀಸ 10 ಮೈಕ್ರೊಗ್ರಾಂ ದಾಟಿತ್ತು. ಈ ಲೆಕ್ಕ 100 ಮಿಲಿಲೀಟರ್ ರಕ್ತಕ್ಕೆ. ಆಗಿನ ಪೆಟ್ರೋಲಿನಲ್ಲೇ ಸೀಸ ಇರುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು, ಒಂದು ದೊಡ್ಡ ದಾರಿ ಮುಚ್ಚಿತು. ಹಾಗಿದ್ದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಕೊಟ್ಟ ಅಂದಾಜಿನ ಪ್ರಕಾರ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೊಗ್ರಾಂ ಮೇಲಿದೆ. ಪೆಟ್ರೋಲ್ ನಿಂತ ಮೇಲೂ ಇಷ್ಟು ಅಂದರೆ ಉಳಿದ ದಾರಿಗಳು ತೆರೆದೇ ಇವೆ ಅಂತ ಅರ್ಥ.

ಹೆಜ್ಜೆ 1: ಒಂದು ಚೀಟಿ ಬರೆದುಕೊಳ್ಳಿ

ನಾಲ್ಕು ಪ್ರಶ್ನೆ ಸಾಕು. ಮನೆಯಲ್ಲಿ ಆರು ವರ್ಷದೊಳಗಿನ ಮಗು ಅಥವಾ ಬಸುರಿ ಇದ್ದಾರಾ? ಮನೆಗೆ ಎಣ್ಣೆ ಪೇಂಟ್ ಹೊಡೆಸಿದ್ದು 2017ಕ್ಕೆ ಮೊದಲಾ? ಬ್ಯಾಟರಿ, ಗ್ಯಾರೇಜ್, ಪೇಂಟಿಂಗ್, ಗುಜರಿ, ಸೋಲ್ಡರಿಂಗ್, ಹಿತ್ತಾಳೆ ಎರಕ, ಚಿನ್ನ ಬೆಳ್ಳಿ ಕರಗಿಸುವ ಕೆಲಸದಲ್ಲಿ ಮನೆಯವರು ಯಾರಾದರೂ ಇದ್ದಾರಾ? ಅಂಥ ಕೆಲಸ ಮನೆಯ ಪಕ್ಕದಲ್ಲೇ ನಡೆಯುತ್ತದಾ? ಉತ್ತರ ಹೌದು ಎಂದಾದ ಕಡೆ ಮೊದಲು ಕೈ ಹಾಕಿ. ಎಲ್ಲದಕ್ಕೂ ಇಲ್ಲ ಎಂದಿದ್ದರೂ ಮುಂದಿನ ಎರಡು ಹೆಜ್ಜೆ ಬಿಡಬೇಡಿ, ಅಡುಗೆಮನೆ ಎಲ್ಲರಿಗೂ ಇದೆ.

ಹೆಜ್ಜೆ 2: ಅರಿಶಿನ

ಗಡ್ಡೆ ಕಿತ್ತ ಮೇಲೆ ಅರಿಶಿನವನ್ನು ಬೇಯಿಸುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ, ಆಮೇಲೆ ಡ್ರಮ್ಮಿನಲ್ಲಿ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಮಳೆಗೆ ಸಿಕ್ಕಿ ಬಣ್ಣ ಮಂಕಾದ ಕೊಂಬಿಗೆ ರೇಟು ಸಿಗುವುದಿಲ್ಲ. ಮೋಸ ಸೇರಿಕೊಳ್ಳುವುದು ಈ ಪಾಲಿಶ್ ಹಂತದಲ್ಲಿ. ಲೆಡ್ ಕ್ರೋಮೇಟ್ ಅನ್ನುವ ಹಳದಿ ಪುಡಿಯನ್ನು ಬೆರೆಸಿದರೆ ಕೊಂಬು ಮಿರಮಿರ ಮಿಂಚುತ್ತದೆ. ಅದು ಪೇಂಟಿಗೆ ಹಾಕುವ ಬಣ್ಣ, ಅದರಲ್ಲಿ ಸೀಸ ಇದೆ. ಭಾರತದ ಆಹಾರ ನಿಯಮದಲ್ಲಿ ಅದಕ್ಕೆ ಜಾಗವೇ ಇಲ್ಲ.

2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದ 23 ನಗರಗಳ ಅರಿಶಿನ ನೋಡಿತು. 14 ಶೇಕಡಾ ಮಾದರಿಗಳಲ್ಲಿ ಸೀಸ ಗ್ರಾಮಿಗೆ 2 ಮೈಕ್ರೊಗ್ರಾಂ ದಾಟಿತ್ತು. ಪಟ್ನಾದಂಥ ಕೆಲವು ಕಡೆ 1000 ಮೈಕ್ರೊಗ್ರಾಂ ಮೀರಿತ್ತು. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಕುಡಿಯುವ ನೀರಿನಲ್ಲಿ ಭಾರತದ ಮಾನಕ ಒಪ್ಪುವ ಸೀಸ ಲೀಟರಿಗೆ 10 ಮೈಕ್ರೊಗ್ರಾಂ. ಆ ಮಟ್ಟದ 100 ಲೀಟರ್ ನೀರು ಕುಡಿದರೆ ಎಷ್ಟು ಸೀಸ ಹೋಗುತ್ತದೋ, ಅಷ್ಟು ಸೀಸ ಅಂಥ ಒಂದೇ ಗ್ರಾಂ ಅರಿಶಿನದಲ್ಲಿ ಇರುತ್ತದೆ. ನಾನು ನೀರಿಗಿಂತ ಮೊದಲು ಅರಿಶಿನ ನೋಡಿ ಅನ್ನುವುದು ಅದಕ್ಕೇ.

ಏನು ಮಾಡಬೇಕು? ಗುರುತು ಸಿಗದ ಸಡಿಲ ಪುಡಿ ಕೊಳ್ಳುವುದನ್ನು ನಿಲ್ಲಿಸಿ. ಕರ್ನಾಟಕದಲ್ಲಿ ನಮಗೆ ಒಂದು ಅನುಕೂಲ ಇದೆ. ಚಾಮರಾಜನಗರ, ಗುಂಡ್ಲುಪೇಟೆ, ಮೈಸೂರು, ಬೆಳಗಾವಿ ಕಡೆ ಅರಿಶಿನ ಬೆಳೆಯುತ್ತಾರೆ. ಗೊತ್ತಿರುವ ರೈತರಿಂದ ಪಾಲಿಶ್ ಮಾಡದ ಕೊಂಬು ವರ್ಷಕ್ಕೆ ಬೇಕಾದಷ್ಟು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಳ್ಳಿ. ಕೊಂಬು ಕೊಳ್ಳುವಾಗ ಒಂದನ್ನು ಮುರಿದು ನೋಡಿ. ಹೊರಗೆ ಮಂಕಾದ ಸಿಪ್ಪೆ, ಒಳಗೆ ಗಾಢ ಬಣ್ಣ ಇರುವುದು ಸಹಜ. ಒಳಗಿಗಿಂತ ಹೊರಗೇ ಜಾಸ್ತಿ ಹಳದಿ ಹೊಳೆಯುತ್ತಿದ್ದರೆ ಬೇಡ. ಕೊಂಬನ್ನು ಒಂದು ಲೋಟ ನೀರಿಗೆ ಹಾಕಿ. ಕೂಡಲೇ ಹಳದಿ ಬಣ್ಣ ಬಿಟ್ಟರೆ ಅದರ ಮೇಲೆ ಏನೋ ಬಳಿದಿದ್ದಾರೆ. ಇದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿಕೊಟ್ಟ ಪರೀಕ್ಷೆಯೇ. ಆದರೆ ಕಡಿಮೆ ಪ್ರಮಾಣದ ಬೆರಕೆ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಲೋಟದ ಪರೀಕ್ಷೆಯಲ್ಲಿ ಫೇಲಾದದ್ದನ್ನು ಎಸೆಯಿರಿ, ಪಾಸಾದದ್ದು ಪೂರ್ತಿ ಶುದ್ಧ ಎಂದು ನಂಬಬೇಡಿ.

ಗಟ್ಟಿ ಅನುಮಾನ ಇದ್ದರೆ ಲ್ಯಾಬ್ ಇದೆ. ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರು ಯಾರೇ ಆದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಈ ಹಕ್ಕು ಬಹಳ ಜನಕ್ಕೆ ಗೊತ್ತೇ ಇಲ್ಲ. ನಾಲ್ಕೈದು ಮನೆಯವರು ಸೇರಿ ಒಂದೇ ಅಂಗಡಿಯ ಪುಡಿಗೆ ಮಾಡಿಸಿದರೆ ಖರ್ಚೂ ಹಂಚಿಹೋಗುತ್ತದೆ. ಕೊಂಡ ರಸೀದಿ ಇಟ್ಟುಕೊಂಡಿರಿ.

ಈ ಮೋಸ ನಿಲ್ಲುವುದೇ ಇಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ 47 ಶೇಕಡಾ ಅರಿಶಿನ ಮಾದರಿಗಳಲ್ಲಿ ಸೀಸ ಸಿಕ್ಕಿತ್ತು. ಅಲ್ಲಿನ ಸಂಶೋಧಕರು ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರ ಸೇರಿ ಪತ್ರಿಕೆಗಳಲ್ಲಿ ಎಚ್ಚರಿಕೆ ಕೊಟ್ಟರು, ಸಗಟು ಮಾರುಕಟ್ಟೆಯಲ್ಲಿ ನೋಟಿಸ್ ಹಚ್ಚಿದರು, ದಾಳಿ ಮಾಡಿ ದಂಡ ಹಾಕಿದರು. 2021ರಲ್ಲಿ ಅಂಥ ಒಂದು ಮಾದರಿಯೂ ಸಿಗಲಿಲ್ಲ. ಎರಡೇ ವರ್ಷ. ನಮ್ಮಲ್ಲಿ ಇದು ಯಾಕೆ ಆಗಬಾರದು?

ಬೇರೆ ಮಸಾಲೆಗೂ ಇದೇ ಕಣ್ಣು ಇರಲಿ. 2023ರಲ್ಲಿ ಅಮೆರಿಕದಲ್ಲಿ ಮಕ್ಕಳು ತಿನ್ನುವ ಸೇಬಿನ ಪೇಸ್ಟಿಗೆ ಹಾಕಿದ್ದ ಚಕ್ಕೆ ಪುಡಿಯಲ್ಲಿ ಸೀಸ ಇತ್ತು. ನೂರಾರು ಮಕ್ಕಳ ರಕ್ತಕ್ಕೆ ಅದು ಸೇರಿತು. ಚಕ್ಕೆ, ಲವಂಗ, ಧನಿಯಾ ಇಡಿಯಾಗಿ ತಂದು ಮನೆಯಲ್ಲೇ ಪುಡಿ ಮಾಡುವ ನಮ್ಮ ಹಳೆಯ ಅಭ್ಯಾಸ ರುಚಿಗೆ ಮಾತ್ರ ಒಳ್ಳೆಯದಲ್ಲ.

ಹೆಜ್ಜೆ 3: ಹುಳಿ ಕುದಿಯುವ ಪಾತ್ರೆ

ಸಂತೆಯಲ್ಲಿ ತೂಕಕ್ಕೆ ಸಿಗುವ ಅಗ್ಗದ ಅಲ್ಯುಮಿನಿಯಂ ಪಾತ್ರೆಗಳನ್ನು ಎಷ್ಟೋ ಕಡೆ ಗುಜರಿ ಕರಗಿಸಿ ಎರಕ ಹೊಯ್ಯುತ್ತಾರೆ. ಹಳೆಯ ಎಂಜಿನ್ ಭಾಗ, ವೈರು, ಡಬ್ಬ ಎಲ್ಲ ಒಂದೇ ಕುಲುಮೆಗೆ ಹೋಗುತ್ತವೆ. ಅದರ ಜೊತೆ ಸೀಸವೂ ಸೇರುತ್ತದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಭಾರತದಿಂದ ಹೋದ ಕೆಲವು ಅಲ್ಯುಮಿನಿಯಂ, ಹಿಂಡಾಲಿಯಂ (ಅಲ್ಯುಮಿನಿಯಂನ ಮಿಶ್ರಲೋಹ), ಹಿತ್ತಾಳೆ ಪಾತ್ರೆಗಳಿಂದ ಸೀಸ ಬಿಡುತ್ತದೆ ಎಂದು ಎಚ್ಚರಿಕೆ ಕೊಟ್ಟಿತು. ಊರಿಂದ ಪಾತ್ರೆ ಕಟ್ಟಿಕೊಂಡು ವಿದೇಶಕ್ಕೆ ಹೋಗುವ ಕನ್ನಡಿಗರು ಇದನ್ನು ಗಮನಿಸಬೇಕು. ಇಲ್ಲೇ ಇರುವವರು ಇನ್ನೂ ಜಾಸ್ತಿ ಗಮನಿಸಬೇಕು.

ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ ದಿನ ಇಲ್ಲ. ಸಾರು, ಹುಳಿ, ಗೊಜ್ಜು, ಪುಳಿಯೋಗರೆ, ಟೊಮೆಟೊ ಬಾತ್. ಹುಣಸೆ, ಟೊಮೆಟೊ, ನಿಂಬೆ, ಮೊಸರು ಲೋಹವನ್ನು ಕರಗಿಸುತ್ತವೆ. ಜಾಸ್ತಿ ಹೊತ್ತು ಕುದಿಸಿದಷ್ಟೂ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟಷ್ಟೂ ಜಾಸ್ತಿ ಸೀಸ ಆಹಾರಕ್ಕೆ ಇಳಿಯುತ್ತದೆ. ಪಾತ್ರೆ ಎಷ್ಟು ತೊಳೆದರೂ ಇದು ಹೋಗದು. ಸೀಸ ಮೇಲೆ ಅಂಟಿಕೊಂಡಿಲ್ಲ, ಲೋಹದೊಳಗೇ ಬೆರೆತಿದೆ.

ಎಲ್ಲ ಪಾತ್ರೆಗಳನ್ನೂ ಒಂದೇ ದಿನ ಬದಲಿಸುವುದು ಯಾರಿಗೂ ಆಗುವುದಿಲ್ಲ. ಹೀಗೆ ಶುರು ಮಾಡಿ. ಮೊದಲು ಹುಳಿ ಪದಾರ್ಥ ಕುದಿಸುವ ಒಂದು ಪಾತ್ರೆಯನ್ನು ಸ್ಟೀಲಿಗೆ ಬದಲಿಸಿ. ಆಮೇಲೆ ಮಗುವಿನ ಗಂಜಿ, ಹಾಲು, ರಾಗಿ ಮಣ್ಣಿ ಮಾಡುವ ಪಾತ್ರೆ. ಮೂರನೆಯದು ಕುಕ್ಕರ್. ಉಳಿದದ್ದನ್ನು ಹೊರಗೆ ಗಿಡಕ್ಕೆ ನೀರು ಹಾಕಲು ಬಳಸಿ. ಕಬ್ಬಿಣದ ಬಾಣಲೆ, ಕಾವಲಿ ಇದ್ದರೆ ಧೈರ್ಯವಾಗಿ ಇಟ್ಟುಕೊಳ್ಳಿ.

ಹಿತ್ತಾಳೆ ಪಾತ್ರೆ ಈಗ ಮತ್ತೆ ಫ್ಯಾಷನ್ ಆಗಿದೆ. ಹಿತ್ತಾಳೆಯನ್ನು ಕೊರೆದು ಕಡೆಯಲು ಸುಲಭ ಆಗಲಿ ಎಂದು ಅದಕ್ಕೆ ಸ್ವಲ್ಪ ಸೀಸ ಸೇರಿಸುವುದು ಮಾಮೂಲು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಅಡುಗೆ ಮಾಡಲೇಬೇಡಿ. ಕಲಾಯಿ ಹಾಕಿಸುವಾಗಲೂ ಬರೀ ತವರದಿಂದ ಹಾಕಿಸಿ. ತವರ ದುಬಾರಿ, ಸೀಸ ಅಗ್ಗ. ತುಂಬ ಕಡಿಮೆ ದುಡ್ಡಿಗೆ ಕಲಾಯಿ ಮಾಡಿಕೊಡುತ್ತೇನೆ ಅಂದರೆ ಅನುಮಾನ ಪಡಿ. ಸಾರಿಗೆ ಘಮ ಬರುತ್ತದೆ ಎಂದು ಕೆಲವು ಮನೆಗಳಲ್ಲಿ ಇಟ್ಟುಕೊಂಡಿರುವ ತವರದ ಚೊಂಬಿಗೂ ಇದೇ ಮಾತು. ಅದರಲ್ಲಿ ಸೀಸ ಬೆರೆತಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕೊಂಡ ಮೂಲ ಗೊತ್ತಿಲ್ಲದಿದ್ದರೆ ಅದನ್ನು ಶೋಕೇಸಿನಲ್ಲಿ ಇಡುವುದೇ ವಾಸಿ. ಅಜ್ಜಿಯ ನೆನಪಿಗೆ ಅದು ಸಾಕು.

ಉಪ್ಪಿನಕಾಯಿಯನ್ನು ಗಾಜಿನ ಜಾಡಿಯಲ್ಲಿ ಇಡಿ. ಹೊಳಪು ಬಿರುಕು ಬಿಟ್ಟ ಹಳೆಯ ಪಿಂಗಾಣಿ ಜಾಡಿ ಬೇಡ, ಆ ಹೊಳಪಿನಲ್ಲೂ ಸೀಸ ಇರಬಹುದು.

ಹೆಜ್ಜೆ 4: ಪೇಂಟ್ ಮತ್ತು ಧೂಳು

ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಎಂಬ ನಿಯಮ 2016ರಲ್ಲಿ ಬಂತು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಮೊದಲು ಹೊಡೆದ ಎನಾಮಲ್ ಪೇಂಟ್ ಈಗಲೂ ಗ್ರಿಲ್, ಗೇಟು, ಬಾಗಿಲು, ತೊಟ್ಟಿಲ ಮೇಲೆ ಇದೆ. ಹಳದಿ, ಕೆಂಪು, ಹಸಿರು, ಕೇಸರಿ ಬಣ್ಣಗಳಲ್ಲಿ ಸೀಸ ಜಾಸ್ತಿ ಇರುತ್ತಿತ್ತು. ಬರೀ ಸುಣ್ಣ ಹೊಡೆದ ಗೋಡೆಗೆ ಈ ಭಯ ಇಲ್ಲ.

ಪೇಂಟ್ ಗಟ್ಟಿಯಾಗಿ ಕೂತಿದ್ದರೆ ತೊಂದರೆ ಕಡಿಮೆ. ಅದು ಎದ್ದು ಚಕ್ಕೆ ಚಕ್ಕೆಯಾಗಿ ಉದುರಿದಾಗ, ಕಿಟಕಿ ತೆಗೆದು ಹಾಕುವಾಗ ಉಜ್ಜಿ ಪುಡಿಯಾದಾಗ ಅದು ನೆಲಕ್ಕೆ ಬೀಳುತ್ತದೆ. ಅಂಬೆಗಾಲಿಡುವ ಮಗು ಕೈಯನ್ನು ನೆಲಕ್ಕೆ ಊರಿ ಬಾಯಿಗೆ ಇಡುತ್ತದೆ. ಸೀಸದ ಪೇಂಟ್ ಸ್ವಲ್ಪ ಸಿಹಿ ಬೇರೆ. ಒಮ್ಮೆ ರುಚಿ ಹತ್ತಿದ ಮಗು ಮತ್ತೆ ಮತ್ತೆ ಕೆರೆದು ತಿನ್ನಬಹುದು.

ಅತ್ಯಂತ ಅಪಾಯದ ದಿನ ಯಾವುದು ಗೊತ್ತಾ? ಮದುವೆಗೋ ಗೃಹಪ್ರವೇಶಕ್ಕೋ ಹಬ್ಬಕ್ಕೋ ಹೊಸ ಪೇಂಟ್ ಹೊಡೆಯಲು ಹಳೆಯದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜುವ ದಿನ. ಮನೆ ತುಂಬ ಜನ ಇರುತ್ತಾರೆ, ಧೂಳು ಎಲ್ಲ ಕಡೆ ಹಾರುತ್ತದೆ. ಆ ದಿನಗಳಲ್ಲಿ ಬಸುರಿಯನ್ನೂ ಮಕ್ಕಳನ್ನೂ ಬೇರೆ ಮನೆಗೆ ಕಳಿಸಿ. ಒಣಗಿದ್ದನ್ನು ಉಜ್ಜಬೇಡಿ, ನೀರು ಹಚ್ಚಿ ಉಜ್ಜಲು ಹೇಳಿ. ಗ್ಯಾಸ್ ಜ್ವಾಲೆಯಿಂದ ಪೇಂಟ್ ಸುಟ್ಟು ತೆಗೆಯುವುದು ಇನ್ನೂ ಕೆಟ್ಟದು, ಬಿಡಲೇಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಕಟ್ಟಿ ಕಸಕ್ಕೆ ಕೊಡಿ, ತೋಟದ ಮಣ್ಣಿಗೆ ಸುರಿಯಬೇಡಿ. ಪೇಂಟ್ ಕೆಲಸಕ್ಕೆ ಬಂದ ಅಣ್ಣಂದಿರಿಗೆ ಒಳ್ಳೆಯ ಮಾಸ್ಕ್ ಕೊಡಿ. ದಿನವೂ ಆ ಧೂಳು ಕುಡಿಯುವವರು ಅವರು.

ಉಳಿದ ದಿನಗಳಲ್ಲಿ ಒಂದೇ ನಿಯಮ: ಒಣ ಕಸಪೊರಕೆಗಿಂತ ಒದ್ದೆ ಬಟ್ಟೆ. ಕಿಟಕಿಯ ಕೆಳಪಟ್ಟಿ, ಮೂಲೆ, ಮಗು ಆಡುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಊಟಕ್ಕೆ ಮೊದಲು ಮಗುವಿನ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಹೆಜ್ಜೆ 5: ಕೆಲಸದ ಬಟ್ಟೆ, ಹಳೆಯ ಬ್ಯಾಟರಿ

ಬ್ಯಾಟರಿ ಅಂಗಡಿಯಲ್ಲಿ ದುಡಿಯುವ ಅಪ್ಪ ಸಂಜೆ ಬಂದು ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಪ್ರೀತಿಯಿಂದಲೇ. ಆದರೆ ಬಟ್ಟೆ, ಕೂದಲು, ಚಪ್ಪಲಿಗೆ ಅಂಟಿದ ಧೂಳು ಮಗುವಿಗೆ ಹೋಗುತ್ತದೆ. ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸಿ, ಆಗದಿದ್ದರೆ ಮನೆಯ ಹೊರಗೆ. ಸ್ನಾನ ಮಾಡಿ ಒಳಗೆ ಬನ್ನಿ. ಆ ಬಟ್ಟೆಯನ್ನು ಬೇರೆ ಒಗೆಯಿರಿ.

ಇನ್ವರ್ಟರ್, ಆಟೋ, ಬೈಕ್‌ನ ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಡೀಲರ್‌ಗೇ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬ್ಯಾಟರಿ ತಯಾರಕರ ಮೇಲೇ ಈ ಹೊಣೆ ಹೊರಿಸಿವೆ. ನೂರಿನ್ನೂರು ರೂಪಾಯಿ ಜಾಸ್ತಿ ಕೊಡುತ್ತಾರೆ ಎಂದು ಹಿತ್ತಲಿನಲ್ಲಿ ಒಡೆದು ಸೀಸ ಕರಗಿಸುವವರಿಗೆ ಹಾಕಬೇಡಿ. ಸೆನೆಗಲ್‌ನ ಡಕಾರ್ ಹತ್ತಿರದ ಥಿಯರೊಯ್ ಎಂಬಲ್ಲಿ 2007-08ರಲ್ಲಿ ಹೀಗೆ ಬ್ಯಾಟರಿ ಒಡೆಯುತ್ತಿದ್ದ ಜಾಗದ ಸುತ್ತ 18 ಮಕ್ಕಳು ಸತ್ತರು. ನಿಮ್ಮ ಬೀದಿಯಲ್ಲಿ ಅಂಥ ಕುಲುಮೆ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ದೂರು ಕೊಡಿ, ಅದರ ಸ್ವೀಕೃತಿ ಇಟ್ಟುಕೊಳ್ಳಿ.

ಹೆಜ್ಜೆ 6: ಸಿಂಧೂರ, ಕಾಡಿಗೆ, ಭಸ್ಮ

ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡುವ ಕುಂಕುಮದಲ್ಲಿ, ಆ ಅರಿಶಿನ ಶುದ್ಧವಾಗಿದ್ದರೆ, ಸೀಸ ಇಲ್ಲ. ಕೇಸರಿ ಬಣ್ಣದ ಅಗ್ಗದ ಸಿಂಧೂರ ಬೇರೆ. ಅದರಲ್ಲಿ ಕೆಂಪು ಸೀಸ ಇರಬಹುದು. 2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿ, ಮುಂಬೈ, ದೆಹಲಿಯ ಸಿಂಧೂರ ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಸೀಸ ಸಿಕ್ಕಿತ್ತು. ಮಕ್ಕಳ ಹಣೆಗೆ, ಕೈಗೆ ಅದು ತಾಗದಿರಲಿ. ಕಣ್ಣಿಗೆ ಹಚ್ಚುವ ಸುರ್ಮಾ ಎಷ್ಟೋ ಸಲ ಸೀಸದ ಅದಿರಿನ ಪುಡಿಯೇ. ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ ಕಾಡಿಗೆ ಅದಲ್ಲ, ಆದರೂ ಹಸುಗೂಸಿನ ಕಣ್ಣೊಳಗೆ ಯಾವುದನ್ನೂ ಹಚ್ಚಬೇಡಿ. ದೃಷ್ಟಿ ಬೊಟ್ಟು ಕೆನ್ನೆಗೋ ಪಾದಕ್ಕೋ ಇಟ್ಟರೆ ಸಾಕಲ್ವಾ?

ಔಷಧಿ ವಿಷಯ ಸ್ವಲ್ಪ ಸೂಕ್ಷ್ಮ. ಆಯುರ್ವೇದದ ಸೊಪ್ಪು, ಬೇರು, ಕಷಾಯದ ಬಗ್ಗೆ ನಾನು ಹೇಳುತ್ತಿಲ್ಲ. ನಾಗ ಭಸ್ಮ ಅಂದರೆ ಸೀಸದಿಂದಲೇ ಮಾಡಿದ ಭಸ್ಮ. 2004ರಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಪೊಟ್ಟಣದ ಮೇಲೆ ಏನಿದೆ ಎಂದು ಬರೆಯದ ಪುಡಿ, ಗುಳಿಗೆ ತೆಗೆದುಕೊಳ್ಳಬೇಡಿ. ಬಸುರಿ, ಬಾಣಂತಿ, ಮಕ್ಕಳಿಗೆ ಲೋಹದ ಭಸ್ಮ ಬೇಡವೇ ಬೇಡ.

ಹೆಜ್ಜೆ 7: ಸೊಪ್ಪು, ಪೇಪರ್, ನೀರು

ರಸ್ತೆ ಬದಿಯ ಮಣ್ಣಿನಲ್ಲಿ ಹಳೆಯ ಪೆಟ್ರೋಲಿನ ಸೀಸ ಈಗಲೂ ಕೂತಿದೆ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿಗೆ ಬೇರೆ ಲೋಹಗಳೂ ಸೇರುತ್ತವೆ. ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಮುಳುಗಿಸಿ, ನೀರು ಬದಲಿಸಿ ತೊಳೆಯಿರಿ, ಮಣ್ಣು ಧೂಳು ಹೋಗುತ್ತದೆ. ಗೆಡ್ಡೆಗಳ ಸಿಪ್ಪೆ ತೆಗೆಯಿರಿ. ಬಿಸಿ ಬೋಂಡಾ, ಬಜ್ಜಿಯನ್ನು ಪೇಪರಿನಲ್ಲಿ ಸುತ್ತಿಸಿಕೊಳ್ಳಬೇಡಿ. ಇಂಕು ಎಣ್ಣೆಗೆ ಇಳಿಯುತ್ತದೆ, ನಿಯಮದ ಪ್ರಕಾರವೂ ಹಾಗೆ ಕೊಡುವಂತಿಲ್ಲ. ಡಬ್ಬಿ ಒಯ್ದರೆ ಅಂಗಡಿಯವರು ಬೇಡ ಅನ್ನುವುದಿಲ್ಲ.

ನೀರಿಗೆ ಸೀಸ ಸೇರುವುದು ಬಹುತೇಕ ಹಿತ್ತಾಳೆ ನಲ್ಲಿ, ಬೆಸುಗೆ, ಗಟ್ಟಿ ಉಳಿಯಲಿ ಎಂದು ಸೀಸದ ಸ್ಟೆಬಿಲೈಸರ್ ಸೇರಿಸಿದ್ದ ಹಳೆಯ ಪಿವಿಸಿ ಪೈಪಿನಿಂದ. ಬೆಳಗ್ಗೆ ಮೊದಲ ನೀರನ್ನು ಒಂದೆರಡು ನಿಮಿಷ ಬಕೆಟಿಗೆ ಬಿಟ್ಟು ಗಿಡಕ್ಕೆ, ಬಾತ್ರೂಮಿಗೆ ಬಳಸಿ. ಬೇಗ ಕುದಿಯಲಿ ಎಂದು ಗೀಸರ್ ನೀರನ್ನು ಅನ್ನಕ್ಕೆ, ಕಾಫಿಗೆ ಇಡಬೇಡಿ. ಬಿಸಿ ನೀರು ಲೋಹವನ್ನು ಜಾಸ್ತಿ ಎಳೆಯುತ್ತದೆ. ಕುದಿಸಿದರೆ ಸೀಸ ಹೋಗುವುದಿಲ್ಲ, ಆರ್‌ಒ ತೆಗೆಯುತ್ತದೆ. ಆದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕ ತೋರಿಸುವ ಟಿಡಿಎಸ್ ಮೀಟರ್ ತೋರಿಸಿ ಸೀಸ ಇಲ್ಲ ಅನ್ನುವವರ ಮಾತು ನಂಬಬೇಡಿ. ಸೀಸದ ಮಿತಿ 0.01 ಪಿಪಿಎಂ, ಅಂದರೆ ಮೊದಲೇ ಹೇಳಿದ ಲೀಟರಿಗೆ 10 ಮೈಕ್ರೊಗ್ರಾಂ. ನೂರಾರು ತೋರಿಸುವ ಮೀಟರಿನಲ್ಲಿ ಅದು ಕಾಣುವುದೇ ಇಲ್ಲ. ಅದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು.

ಹೆಜ್ಜೆ 8: ಮಗುವಿನ ತಟ್ಟೆ

ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮಗು, ಹಸಿದ ಹೊಟ್ಟೆಯ ಮಗು ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ರಾಗಿ ಗಂಜಿ, ನುಗ್ಗೆಸೊಪ್ಪು, ಎಳ್ಳು, ಹಾಲು, ಕಾಳು, ಮೊಟ್ಟೆ ಕೊಡಿ. ಊಟದ ಜೊತೆ ನಿಂಬೆ, ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಬೆಳಗ್ಗೆ ಏನೂ ತಿನ್ನದೆ ಸ್ಕೂಲಿಗೆ ಕಳಿಸಬೇಡಿ. ಇದು ಒಳಗೆ ಹೋದ ಸೀಸವನ್ನು ತೆಗೆಯುವುದಿಲ್ಲ, ಹೊಸದು ಹಿಡಿಯುವುದನ್ನು ಕಡಿಮೆ ಮಾಡುತ್ತದೆ.

ಹೆಜ್ಜೆ 9: ರಕ್ತ ಪರೀಕ್ಷೆ

ಸೀಸ ಏರಿದ ಹೆಚ್ಚಿನ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಜಾಸ್ತಿಯಾದರೆ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಸುಸ್ತು ಬರುತ್ತವೆ, ಅವನ್ನು ಬೇರೆ ಏನೋ ಅಂದುಕೊಳ್ಳುತ್ತೇವೆ. ಮೊದಲ ಚೀಟಿಯಲ್ಲಿ ಹೌದು ಎಂಬ ಉತ್ತರ ಇದ್ದು ಮನೆಯಲ್ಲಿ ಮಗು ಅಥವಾ ಬಸುರಿ ಇದ್ದರೆ, ಅಥವಾ ಮಗು ಮಣ್ಣು, ಪೇಂಟ್ ತಿನ್ನುತ್ತಿದ್ದರೆ, ಮಕ್ಕಳ ಡಾಕ್ಟರ ಹತ್ತಿರ ಬ್ಲಡ್ ಲೆಡ್ ಟೆಸ್ಟ್ ಬೇಕು ಎಂದು ಬಾಯಿಬಿಟ್ಟು ಕೇಳಿ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಇದು ಸೇರಿರುವುದಿಲ್ಲ. ಬೆರಳ ತುದಿಗೆ ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರಬಹುದು, ಹಾಗಾಗಿ ಕೈಯ ರಕ್ತನಾಳದಿಂದ ತೆಗೆದದ್ದೇ ಗಟ್ಟಿ.

ರಿಪೋರ್ಟಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀಸದ ಮೂಲ ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 3.5ರಿಂದಲೇ ಎಚ್ಚರಿಸುತ್ತದೆ. ಮಗುವಿನಲ್ಲಿ 45 ತಲುಪಿದರೆ ಸೀಸ ಹೊರಹಾಕುವ ಔಷಧಿ ಬೇಕಾಗುತ್ತದೆ, ಅದು ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರೇ ಆಗಬೇಕು. ಡಿಟಾಕ್ಸ್ ಎಂದು ಮಾರುವ ಪುಡಿ, ಜ್ಯೂಸ್‌ಗೆ ದುಡ್ಡು ಸುರಿಯಬೇಡಿ. ಒಬ್ಬ ಮಗುವಿಗೆ ಜಾಸ್ತಿ ಬಂದರೆ ಅಣ್ಣ, ತಂಗಿ, ಅಮ್ಮನಿಗೂ ಮಾಡಿಸಿ, ಅರಿಶಿನ, ಪಾತ್ರೆ ಎಲ್ಲರಿಗೂ ಒಂದೇ.

ಮೂಲ ನಿಲ್ಲಿಸಿದ ಮೇಲೆ ಮತ್ತೆ ಯಾವಾಗ ಪರೀಕ್ಷೆ ಎಂದು ಡಾಕ್ಟರೇ ಹೇಳುತ್ತಾರೆ, ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳೊಳಗೆ. ಅಂಕಿ ಸ್ವಲ್ಪವೇ ಇಳಿದಿದ್ದರೆ ಗಾಬರಿ ಬೇಡ, ಮೂಳೆಯಲ್ಲಿರುವುದು ನಿಧಾನವಾಗಿ ರಕ್ತಕ್ಕೆ ಬರುತ್ತಿರುತ್ತದೆ. ಏರಿದ್ದರೆ ಮಾತ್ರ ಒಂದು ದಾರಿ ಇನ್ನೂ ತೆರೆದಿದೆ ಎಂದರ್ಥ. ಆಗ ಚೀಟಿ ತೆಗೆದು ಮತ್ತೆ ಮೊದಲಿಂದ ನೋಡಿ. ಮಗು ಹಗಲು ಹೊತ್ತು ಕಳೆಯುವ ಅಂಗನವಾಡಿ, ಅಜ್ಜಿ ಮನೆ, ನೋಡಿಕೊಳ್ಳುವವರ ಮನೆಯನ್ನೂ ಆ ಪಟ್ಟಿಗೆ ಸೇರಿಸಿ.